ಮ್ಯಾಂಚೆಸ್ಟರ್ ಯುನೈಟೆಡ್ ಮ್ಯಾನೇಜರ್ ಅಮೊರಿಮ್ ಇರ್ಬೇಕಾ, ಹೋಗ್ಬೇಕಾ? ಬ್ರೆಂಟ್‌ಫರ್ಡ್ ಕೈಲಿ 3-1 ಸೋತ್ಮೇಲೆ ಹೇಳಿ

ಒಂಟಿಕೊಪ್ಪಲ್ ಒಂಬತ್ತು
ಶನಿವಾರ, 27 ಸೆಪ್ಟೆಂಬರ್ 2025, ಸಂಜೆ 7:12

ಮನೇವ್ರೆಲ್ಲ ಲೈಟಿಂಗ್ ನೋಡೋಕೆ ಹೊರಟ್ರು, ನಾನು ಐದು ಗಂಟೆ ಮ್ಯಾಚು ಅಂತ ಕೂತೆ. ಹೋಗಿದ್ರೇ ಚೆನ್ನಾಗಿತ್ತು.

ಬೈಗುಳ ಆಮೇಲೆ, ಮೊದಲು ಲೆಕ್ಕ. ಅಮೊರಿಮ್ ಬಂದ್ಮೇಲೆ ಪ್ರೀಮಿಯರ್ ಲೀಗಲ್ಲಿ ಯುನೈಟೆಡ್ ಆಡಿರೋದು 33 ಮ್ಯಾಚು. ಗೆದ್ದಿದ್ದು 9, ಸೋತಿದ್ದು 17. ಪಾಯಿಂಟು 34. ಲೀಗಲ್ಲಿ ಒಂದರ ಹಿಂದೆ ಒಂದು ಎರಡು ಮ್ಯಾಚ್ ಗೆದ್ದಿದ್ದು ಇವತ್ತಿನವರೆಗೂ ಇಲ್ಲ. ಹೋದ ವಾರ ಮಳೇಲಿ ಚೆಲ್ಸಿನ 2-1 ಹೊಡೆದಾಗ ಇನ್ನೇನು ದಾರಿಗೆ ಬಂತು ಅಂದ್ಕೊಂಡ್ವಿ. ಅವರ ಕೀಪರ್ ಐದನೇ ನಿಮಿಷಕ್ಕೇ ರೆಡ್ ಕಾರ್ಡ್ ತಗೊಂಡು ಆಚೆ ನಡೆದಿದ್ದ ಅನ್ನೋದನ್ನ ಎಲ್ಲರೂ ಜಾಣತನದಿಂದ ಮರೆತ್ವಿ.

ಇವತ್ತು ಬ್ರೆಂಟ್‌ಫರ್ಡ್ ಎಂಟನೇ ನಿಮಿಷಕ್ಕೆ ಒಂದು ಗೋಲು, ಇಪ್ಪತ್ತಕ್ಕೆ ಇನ್ನೊಂದು. ನಮ್ಮ ಶೆಶ್ಕೋ ಒಂದು ವಾಪಸ್ ಕೊಟ್ಟ. ನಮ್ಮ ಬ್ರೂನೋಗೆ ಪೆನಾಲ್ಟಿ ಸಿಕ್ತು, ಅವರ ಕೀಪರ್ ಕೆಲೆಹರ್ ತಡೆದ. ಕೊನೇಲಿ ಅವರ ಯೆನ್ಸೆನ್ ಮೂರನೇದು ಹಾಕಿ ಬಾಗಿಲು ಮುಚ್ಚಿದ.

ಮುಂದಿನ ಶನಿವಾರ ಸಂಡರ್‌ಲ್ಯಾಂಡ್, ನಮ್ಮನೇಲೇ. ಅಷ್ಟರೊಳಗೆ ಕಳಿಸಬೇಕಾ, ಬೇಡ್ವಾ? ಕಾರಣ ಹೇಳಿ. ಬರೀ 'ಔಟ್' ಅಂತ ಹಾಕಿ ಓಡಬೇಡಿ.

ಸಕ್ಕರೆ ನಾಡು 7
ಸಂಜೆ 7:19

ಔಟ್.

ಸಕ್ಕರೆ ನಾಡು 7
ಸಂಜೆ 7:26

ಸರಿ ಬುಡಣ್ಣ, ಕಾರಣನೂ ಏಳ್ತೀನಿ. ಗ್ರಿಮ್ಸ್‌ಬಿ. ನಾಲ್ಕನೇ ಡಿವಿಜನ್ ಟೀಮು. ಆಗಸ್ಟ್ 27ನೇ ತಾರೀಕು ನಮ್ಮ ಕೋಟಿಗಟ್ಲೆ ಪೌಂಡಿನ ಹುಡುಗ್ರು ಅವರೂರಿಗೆ ಓಗಿ ಮೊದಲ ಅರ್ಧದಲ್ಲೇ 2-0 ಇಂದೆ ಬಿದ್ರು. ಮಗ್ವಾಯರ್ 89ನೇ ನಿಮಿಷದಲ್ಲಿ ತಲೆ ಕೊಟ್ಟು ಮಾನ ಉಳ್ಸಿದ. ಆಮೇಲೆ ಪೆನಾಲ್ಟಿಲಿ 12-11 ಸೋತ್ವಿ. ಕುನ್ಯಾ ಒಳಗೆ ಆಕಿದ್ರೆ ಮುಗೀತಿತ್ತು, ಆಕ್ನಿಲ್ಲ. ಕೊನೆಗೆ ಎಂಬ್ಯೂಮೊದು ಬಾರಿಗೆ ಬಡೀತು. ಬೆಳಗಿನ ಜಾವದವರ್ಗೂ ಕಣ್ ಬುಟ್ಕೊಂಡು ನೋಡಿದ್ದು ಇದ್ನಾ? ಮಂಡ್ಯದಲ್ಲಿ ಕಬಡ್ಡಿ ಟೀಮ್ ಇಂಗೆ ಸೋತು ಬಂದ್ರೆ ಕೋಚು ಸಂಜೆ ಟೀ ಅಂಗಡಿ ಕಡೆ ತಲೆ ಆಕ್ಕಿಲ್ಲ.

ಗೋಕುಲಂ ಗನ್ನರ್
ಸಂಜೆ 7:31

ಆರ್ಸೆನಲ್ ಕಡೆಯಿಂದ ವಿನಂತಿ: ದಯವಿಟ್ಟು ಇಟ್ಕೊಳ್ಳಿ. 2027ರವರೆಗೆ ಕಾಂಟ್ರಾಕ್ಟ್ ಇದೆ, ಸಾಲದಿದ್ರೆ 2037 ಮಾಡಿ.

ಒಂಟಿಕೊಪ್ಪಲ್ ಒಂಬತ್ತು
ಸಂಜೆ 7:33

ಬಂದ್ಯಾ. ನಿನ್ನೇ ಕಾಯ್ತಿದ್ದೆ.

ಹಳೇ ಚೆಂಡು
ಸಂಜೆ 7:58

ಹುಡುಗರೇ, ನಿಧಾನ. ನಾನು ಯುನೈಟೆಡ್ ಹಿಂದೆ ಬಿದ್ದಾಗ ಟಿವಿಲಿ ಲೈವ್ ಅನ್ನೋದೇ ಇರಲಿಲ್ಲ. ಶಾರ್ಟ್‌ವೇವಲ್ಲಿ ಬಿಬಿಸಿ ಹಿಡಿದು, ಗರಗರ ಸದ್ದಿನ ನಡುವೆ ಸ್ಕೋರು ಕೇಳಬೇಕಿತ್ತು. 1989ರ ಸೆಪ್ಟೆಂಬರಲ್ಲಿ ಮ್ಯಾಂಚೆಸ್ಟರ್ ಸಿಟಿ ಕೈಲಿ 5-1 ಸೋತ್ವಿ. ಡಿಸೆಂಬರಲ್ಲಿ ನಮ್ಮ ಮೈದಾನದಲ್ಲೇ ಆಗಿನ ಮ್ಯಾನೇಜರ್ ಫರ್ಗುಸನ್‌ಗೆ 'ಮೂರು ವರ್ಷ ಬರೀ ನೆಪ, ಹೋಗಿ ಬನ್ನಿ ಫರ್ಗಿ' ಅಂತ ಬ್ಯಾನರ್ ಹಿಡಿದ್ರು. ಜನವರಿಲಿ ಎಫ್‌ಎ ಕಪ್ ಮೂರನೇ ಸುತ್ತು, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ ನಮ್ಮ ಮಾರ್ಕ್ ರಾಬಿನ್ಸ್ ಒಂದು ಗೋಲ್ ಹೊಡೆದ. ಅದೇ ವರ್ಷ ಕಪ್ ಬಂತು. ಆಮೇಲೆ 13 ಲೀಗ್ ಟೈಟಲ್. ಆ ಡಿಸೆಂಬರಲ್ಲೇ ಕಳಿಸಿದ್ರೆ ನೀವ್ಯಾರೂ ಈ ಕೆಂಪು ಜರ್ಸಿ ಹಾಕ್ತಿರಲಿಲ್ಲ.

ಫರ್ಗುಸನ್ 2013ರಲ್ಲಿ ಹೋದ್ಮೇಲೆ ಏನ್ಮಾಡಿದ್ವಿ? ಮೊಯೆಸ್‌ಗೆ ಹತ್ತು ತಿಂಗಳು. ವಾನ್ ಗಾಲ್ ಎಫ್‌ಎ ಕಪ್ ಗೆದ್ದ ಎರಡೇ ದಿನಕ್ಕೆ ಮನೆಗೆ. ಮೊರಿನ್ಯೊ, ಸೋಲ್ಶರ್, ಟೆನ್ ಹಾಗ್... ಪ್ರತಿ ಸಲ ಹೊಸಬ ಬಂದು ಹಳಬನ ಆಟಗಾರರನ್ನ ಮೂಲೆಗೆ ತಳ್ಳೋದು, ಇನ್ನೂ ನಾಲ್ಕು ಜನ ತರೋದು, ಅವನು ಹೋದ್ಮೇಲೆ ಆ ನಾಲ್ಕು ಜನಾನೂ ಮೂಲೆಗೆ. ಸ್ವಲ್ಪ ಕಾಯೋದನ್ನ ಕಲೀರಿ.

ಮದ್ದೂರ್ ವಡೆ
ರಾತ್ರಿ 8:04

ಹಳೇ ಚೆಂಡು ಸಾರ್ ಹೇಳಿದ್ದಕ್ಕೆ ನನ್ನ ವೋಟು. ಆರ್‌ಸಿಬಿಗೆ 18 ಸೀಸನ್ ಕಾದಿಲ್ವಾ ನಾವು?

ಸಕ್ಕರೆ ನಾಡು 7
ರಾತ್ರಿ 8:09

ಕಾದಿದ್ದು ನಾವು ಕಣಯ್ಯ, ಒಂದೇ ಕೋಚ್ ಇಟ್ಕೊಂಡು ಫ್ರಾಂಚೈಸಿ ಕಾದಿಲ್ಲ. ಬಂಗಾರ್ ಓದ್ರು, ಆಂಡಿ ಫ್ಲವರ್ ಬಂದ್ರು, ಎರಡನೇ ಸೀಸನ್‌ಗೇ ಕಪ್ಪು. ನಿನ್ನ ಉದಾರಣೆ ನನ್ ಕಡೆಗೇ ಸಾಕ್ಷಿ ಏಳ್ತಾ ಐತೆ.

ಇಟ್ಟಿಗೆಗೂಡು ಅಕ್ಕ
ರಾತ್ರಿ 8:40

ಹಳೇ ಚೆಂಡು ಸಾರ್, ನಿಮ್ಮ ಬಗ್ಗೆ ಗೌರವ ಇಟ್ಕೊಂಡೇ ಕೇಳ್ತೀನಿ. ಫರ್ಗುಸನ್ ಕಥೇನ ಎಲ್ಲರೂ ಬ್ಯಾನರಿಂದ ಶುರು ಮಾಡಿ ರಾಬಿನ್ಸ್ ಗೋಲಿಗೆ ನಿಲ್ಲಿಸ್ತಾರೆ. ನಡುವಿಂದು ಯಾರೂ ಹೇಳಲ್ಲ.

ಅವರು 1986ರ ನವೆಂಬರಲ್ಲಿ ಬಂದಾಗ ಕೈಲಿ ಏನಿತ್ತು? ಅಬರ್‌ಡೀನ್ ಥರದ ಊರಿನ ಟೀಮ್ ಇಟ್ಕೊಂಡು 1983ರಲ್ಲಿ ರಿಯಲ್ ಮಡ್ರಿಡ್‌ನ ಫೈನಲಲ್ಲಿ ಸೋಲಿಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ತಂದಿದ್ರು. ಯುನೈಟೆಡಲ್ಲಿ ಮೊದಲ ಪೂರ್ತಿ ಸೀಸನ್, 1987-88, ಲೀಗಲ್ಲಿ ಎರಡನೇ ಸ್ಥಾನ. ಮತ್ತೆ ಜಾರಿದ್ರು, 1989-90ರಲ್ಲಿ 13ನೇ ಸ್ಥಾನ, ನಿಜ. ಆದ್ರೆ ಆ ಹೊತ್ತಿಗೆ ಡ್ರೆಸ್ಸಿಂಗ್ ರೂಮಿನ ಕುಡಿತ ನಿಲ್ಲಿಸೋಕೆ ಜನರ ಕಣ್ಮಣಿಯಾಗಿದ್ದ ಮೆಕ್‌ಗ್ರಾ, ವೈಟ್‌ಸೈಡ್ ಇಬ್ಬರನ್ನೂ ಕಳಿಸಿ ಆಗಿತ್ತು. ಹೊಸ ಆಟಗಾರರು ಪ್ಯಾಲಿಸ್ಟರ್, ಇನ್ಸ್ ಬಂದಾಗಿತ್ತು. ಕೆಳಗಡೆ ಹುಡುಗರ ತಂಡ ಕಟ್ಟೋ ಕೆಲಸ ನಡೀತಿತ್ತು. ಅಂದ್ರೆ ಟೈಮ್ ಕೊಟ್ರು ಅಂತ ಗೆಲ್ಲಲಿಲ್ಲ. ಕೊಟ್ಟ ಟೈಮಲ್ಲಿ ಕೆಲಸ ಆಗ್ತಾ ಇತ್ತು.

ಅಮೊರಿಮ್‌ಗೂ ಇದೇ ಕೇಳ್ತೀನಿ. ನವೆಂಬರಿಂದ ಈಚೆಗೆ ಏನು ಬದಲಾಯ್ತು? ಜನವರಿಲಿ ಬ್ರೈಟನ್ ಮೇಲೆ ಸೋತು, ಕ್ಲಬ್ಬಿನ ಇತಿಹಾಸದಲ್ಲೇ ಬಹುಶಃ ನಾವೇ ಕೆಟ್ಟ ಟೀಮು ಅಂತ ಅವರೇ ಹೇಳಿದ್ರು. ಮೇ ತಿಂಗಳಲ್ಲಿ 15ನೇ ಸ್ಥಾನ, 42 ಪಾಯಿಂಟು. ಯುರೋಪಾ ಲೀಗ್ ಫೈನಲ್ ಟಾಟನ್‌ಹ್ಯಾಮ್ ಪಾಲಾಯ್ತು. ಈ ಸೀಸನ್ ಯುರೋಪ್ ಮ್ಯಾಚೇ ಇಲ್ಲ, ವಾರಪೂರ್ತಿ ಪ್ರಾಕ್ಟೀಸ್ ಮಾಡ್ಸೋಕೆ ಟೈಮಿದೆ. ಆದ್ರೂ ಇವತ್ತು ಬ್ರೆಂಟ್‌ಫರ್ಡಿನ ಹೆಂಡರ್ಸನ್ ಅವನ ಹಾಫಿಂದ ಒಂದು ಚೆಂಡು ಎತ್ತಿ ಹಾಕಿದ, ನಮ್ಮ ಇಡೀ ಟೀಮು ಬಿಚ್ಕೊಂಡ್ತು.

ಗೋಕುಲಂ ಗನ್ನರ್
ರಾತ್ರಿ 8:52

ಈಗ ತಮಾಷೆ ಬಿಟ್ಟು. ಅಕ್ಕಾ, ನಮ್ಮ ಆರ್ಸೆನಲ್ ಮ್ಯಾನೇಜರ್ ಆರ್ಟೆಟಾ ವಿಷಯ ಏನಂತೀರಿ? 2020ರ ಕ್ರಿಸ್‌ಮಸ್‌ಗೆ ನಾವು 15ನೇ ಸ್ಥಾನದಲ್ಲಿದ್ವಿ. ಎರಡು ಸೀಸನ್ ಎಂಟನೇ ಸ್ಥಾನ. 2021ರ ಆಗಸ್ಟಲ್ಲಿ ಮೊದಲ ಮೂರೂ ಮ್ಯಾಚ್ ಸೋತು ಟೇಬಲ್ ತಳದಲ್ಲಿ ಕೂತಿದ್ವಿ. ಮೈಸೂರಲ್ಲಿ ನಾನು ಜರ್ಸಿ ಹಾಕ್ಕೊಂಡು ಹಾಲು ತರೋಕೂ ಹೋಗ್ತಿರಲಿಲ್ಲ. ಕ್ಲಬ್ಬು ಬಿಡ್ಲಿಲ್ಲ. ಆಮೇಲೆ ಐದನೇ ಸ್ಥಾನ, ಮತ್ತೆ ಸತತ ಮೂರು ಸೀಸನ್ ಎರಡನೇ ಸ್ಥಾನ. ತಾಳ್ಮೆ ಫಲ ಕೊಡುತ್ತೆ.

ಮದ್ದೂರ್ ವಡೆ
ರಾತ್ರಿ 8:55

ಎರಡನೇ ಸ್ಥಾನ ಅಂತ ಎದೆ ಉಬ್ಬಿಸಿ ಹೇಳೋ ಏಕೈಕ ಜನಾಂಗ.

ಇಟ್ಟಿಗೆಗೂಡು ಅಕ್ಕ
ರಾತ್ರಿ 9:03

ಗನ್ನರ್, ಒಳ್ಳೆ ಉದಾಹರಣೆ ತಂದೆ. ಆದ್ರೆ ಅರ್ಧ ತಂದೆ. 2020ರಲ್ಲಿ ಆರ್ಟೆಟಾ ಹಿಂದೆ ಮೂವರು ಡಿಫೆಂಡರ್‌ಗಳನ್ನ ಇಟ್ಟು ಆಡಿಸ್ತಿದ್ರು, ನೆನಪಿದ್ಯಾ? 15ನೇ ಸ್ಥಾನಕ್ಕೆ ಬಿದ್ದ ಮೇಲೆ, ಬಾಕ್ಸಿಂಗ್ ಡೇ ಚೆಲ್ಸಿ ಮ್ಯಾಚಿಗೆ, ಹಿಂದೆ ನಾಲ್ವರು ಮಾಡಿ, ಎಮಿಲ್ ಸ್ಮಿತ್ ರೋ ಅನ್ನೋ ಹುಡುಗನ್ನ ನಡುವೆ ಇಳಿಸಿದ್ರು. 3-1 ಗೆದ್ರಿ. ಸೀಸನ್ ತಿರುಗಿದ್ದು ಅಲ್ಲಿಂದ. ಅವರು ಬದಲಾದ್ರು, ಅದಕ್ಕೆ ತಾಳ್ಮೆ ಫಲ ಕೊಡ್ತು. ನಮ್ಮವರು ಹೋದ ವಾರ ಪ್ರೆಸ್ ಮೀಟಲ್ಲಿ ಏನಂದ್ರು? ಪೋಪ್ ಬಂದು ಹೇಳಿದ್ರೂ ಈ ಹಿಂದೆ ಮೂವರ ಫಾರ್ಮೇಶನ್ ಬದಲಾಯಿಸಲ್ಲ ಅಂತ.

ಇನ್ನೊಂದು ಕಾಕತಾಳೀಯ: ಆಗಸ್ಟಲ್ಲಿ ಫುಲ್‌ಹ್ಯಾಮ್ ಪರವಾಗಿ ನಮ್ಮ ಮೇಲೆ 1-1 ಮಾಡಿದ್ದು ಅದೇ ಸ್ಮಿತ್ ರೋ.

ಕುಕ್ಕರಹಳ್ಳಿ ಕೀಪರ್
ರಾತ್ರಿ 9:35

ಭಾನುವಾರ ಬೆಳಗ್ಗೆ ಹುಡುಗರಿಗೆ ಆಟ ಹೇಳಿಕೊಡ್ತೀನಿ, ಆ ಕಣ್ಣಲ್ಲಿ ನೋಡಿ ಹೇಳ್ತಿದೀನಿ. ಫಾರ್ಮೇಶನ್ ಅನ್ನೋ ಪದ ಹಿಡ್ಕೊಂಡು ಜಗಳ ಆಡೋದು ಸುಲಭ. ಮೊದಲ ಗೋಲನ್ನ ನಿಲ್ಲಿಸಿ ನಿಲ್ಲಿಸಿ ನೋಡಿ.

ಹೆಂಡರ್ಸನ್ ಕಾಲಲ್ಲಿ ಚೆಂಡಿದೆ. ಅವನ ಹತ್ತಿರ ನಮ್ಮವರು ಒಬ್ಬರೂ ಇಲ್ಲ. ತಲೆ ಎತ್ತಿ, ನೋಡಿ, ಸಮಾಧಾನವಾಗಿ ಹೊಡೆಯೋಷ್ಟು ಪುರುಸೊತ್ತು. ಅತ್ತ ಮಗ್ವಾಯರ್ ಆಫ್‌ಸೈಡ್ ಮಾಡೋಣ ಅಂತ ಹೆಜ್ಜೆ ಮುಂದಿಡ್ತಾನೆ. ಬ್ರೆಂಟ್‌ಫರ್ಡಿನ ಥಿಯಾಗೊ ಅವನ ಬೆನ್ನ ಹಿಂದಿನ ಜಾಗಕ್ಕೆ ಓಡ್ತಾನೆ. ಎಲ್ಲರೂ ಮಗ್ವಾಯರ್‌ನ ಬೈದ್ರು. ನಾನು ಹೆಂಡರ್ಸನ್ ಸುತ್ತ ಇದ್ದ ಖಾಲಿ ಜಾಗ ನೋಡಿ ಬೈದೆ. ಚೆಂಡು ಇರೋನ ಮೇಲೆ ಒತ್ತಡ ಇಲ್ಲದಿದ್ದಾಗ ಡಿಫೆಂಡರ್‌ಗಳು ಮುಂದೆ ಹೆಜ್ಜೆ ಇಡಬಾರದು, ಹಿಂದೆ ಸರೀಬೇಕು. ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿಕೊಡೋ ಪಾಠ ಇದು.

ಒತ್ತಡ ಯಾಕಿಲ್ಲ? ನಡುವೆ ನಮ್ಮವರು ಇಬ್ಬರೇ. ಕ್ಯಾಸೆಮಿರೊ ಚೆಲ್ಸಿ ಮ್ಯಾಚಲ್ಲಿ ರೆಡ್ ತಗೊಂಡು ಆಚೆ. ಇವತ್ತು ಉಗಾರ್ಟೆ ಮತ್ತೆ ಬ್ರೂನೋ. ಬ್ರೂನೋ ಕೊಡೋ ಪಾಸಿಗೆ ಸಾಟಿ ಇಲ್ಲ, ಆದ್ರೆ 31 ತುಂಬಿರೋ ಅವನ ಕೈಲಿ ಅರ್ಧ ಮೈದಾನ ಕಾಯಿಸ್ತಿದೀವಿ. ಎದುರಾಳಿಗಳು ನಡುವೆ ಮೂವರನ್ನ ಹಾಕಿದ ತಕ್ಷಣ ಒಬ್ಬ ಯಾವಾಗಲೂ ಖಾಲಿ ಸಿಗ್ತಾನೆ. ಮುಂದಿನ ಮೂವರಲ್ಲಿ ಒಬ್ಬ ಒಳಗೆ ಬಂದು ಮುಚ್ಚಬೇಕು, ಇಲ್ಲಾ ಹಿಂದಿನ ಮೂವರಲ್ಲಿ ಒಬ್ಬ ಧೈರ್ಯ ಮಾಡಿ ಮೇಲೆ ಬರಬೇಕು. ಅಮೊರಿಮ್ ಮುಂಚೆ ಇದ್ದ ಲಿಸ್ಬನ್ನಿನ ಸ್ಪೋರ್ಟಿಂಗಲ್ಲಿ ಅದು ಗಡಿಯಾರದ ಥರ ನಡೀತಿತ್ತು. 2020-21ರಲ್ಲಿ 19 ವರ್ಷದ ಮೇಲೆ ಲೀಗ್ ಗೆಲ್ಲಿಸಿದ್ದು ಸುಮ್ಮನೆ ಅಲ್ಲ, 2023-24ರಲ್ಲಿ ಇನ್ನೊಂದು ಸಲ. ಇಲ್ಲಿ ಯಾರು ಯಾವಾಗ ಮುಚ್ಚಬೇಕು ಅನ್ನೋದು ಹತ್ತು ತಿಂಗಳಾದ್ರೂ ಆಟಗಾರರ ಕಾಲಿಗೆ ಬಂದಿಲ್ಲ.

ಎರಡನೇ ಗೋಲಿಗೆ ಕೀಪರ್ ಜಾತಿಯವನಾಗಿ ಒಂದು ಮಾತು: ನಮ್ಮ ಕೀಪರ್ ಬಾಯಿಂಡಿರ್ ಕೈಗೆ ತಾಗಿ ಚೆಂಡು ನೇರ ಥಿಯಾಗೊ ಮುಂದೆ ಬಿತ್ತು. ತಡೆಯೋಕೆ ಆಗದಿದ್ರೆ ಪಕ್ಕಕ್ಕೆ ತಳ್ಳಬೇಕು, ನಡುವಿಗಲ್ಲ. ಬೆಲ್ಜಿಯಮ್ಮಿಂದ ಲಾಮೆನ್ಸ್ ಅನ್ನೋ ಹುಡುಗನ್ನ ತಂದು ಬೆಂಚಲ್ಲಿ ಕೂರಿಸಿದಾರೆ. ಯಾವಾಗ ಆಡಿಸ್ತಾರೋ.

ಸಕ್ಕರೆ ನಾಡು 7
ರಾತ್ರಿ 9:50

ಕೀಪರಣ್ಣ ಏಳಿದ್ದು ನಮ್ ಭಾಷೇಲಿ ಏಳದಾದ್ರೆ: ತೂಬು ಕಿತ್ತೋಗೈತೆ, ನೀರೆಲ್ಲಾ ಪಕ್ಕದ ಗದ್ದೆಗೆ ನುಗ್ತಾ ಐತೆ. ಈಗ ನೀರುಗಂಟಿನ ಬದಲಾಯಿಸ್ಬೇಕಾ, ತೂಬು ರಿಪೇರಿ ಮಾಡ್ಬೇಕಾ?

ಇಟ್ಟಿಗೆಗೂಡು ಅಕ್ಕ
ರಾತ್ರಿ 9:54

ತೂಬು ರಿಪೇರಿ ಬೇಡ ಅಂತ ಕೂತಿರೋದೇ ನೀರುಗಂಟಿ.

ಹಳೇ ಚೆಂಡು
ರಾತ್ರಿ 10:10

ಅಲ್ಲಮ್ಮಾ, ತೂಬಿಗೆ ದುಡ್ಡು ಕೊಡಬೇಕಾದವರು ಯಾರು? ಬೇಸಿಗೇಲಿ 20 ಕೋಟಿ ಪೌಂಡಿಗೂ ಜಾಸ್ತಿ ಖರ್ಚಾಯ್ತು. ಕುನ್ಯಾ, ಎಂಬ್ಯೂಮೊ, ಶೆಶ್ಕೋ, ಮೂವರೂ ಮುಂದೆ ಆಡೋರು. ನಡುವಿಗೆ ಒಬ್ಬರನ್ನೂ ತರಲಿಲ್ಲ. ಅದಕ್ಕೆ ಹಿಂದಿನ ವರ್ಷ ಮ್ಯಾಕ್‌ಟೊಮಿನೇನ ನಾಪೊಲಿಗೆ ಮಾರಿದ್ರು, ಅವನು ಅಲ್ಲಿ ಮೊದಲ ಸೀಸನಲ್ಲೇ ಲೀಗ್ ಗೆದ್ದು ಇಟಲಿಯ ಅತ್ಯುತ್ತಮ ಆಟಗಾರ ಅನ್ನಿಸ್ಕೊಂಡ. ಅವನನ್ನ ಮಾರಿದಾಗ ಅಮೊರಿಮ್ ಇನ್ನೂ ಲಿಸ್ಬನ್ನಲ್ಲಿದ್ರು.

ಇಟ್ಟಿಗೆಗೂಡು ಅಕ್ಕ
ರಾತ್ರಿ 10:18

ಅದು ಒಪ್ಪಿದೆ ಸಾರ್. ಆದ್ರೆ ನಡುವೆ ಆಡೋಕೆ ಇದ್ದ ಒಬ್ಬ ಹುಡುಗ ಮೈನೂ. 2024ರ ಎಫ್‌ಎ ಕಪ್ ಫೈನಲಲ್ಲಿ ಸಿಟಿ ಮೇಲೆ ಗೋಲ್ ಹೊಡೆದವನು. ಇವತ್ತು ಕ್ಯಾಸೆಮಿರೊ ಇಲ್ಲದ ದಿನವೂ ಶುರುವಿಗೆ ಅವನು ಬೇಡವಾದ. ಇದಕ್ಕೂ ಮಾಲೀಕರನ್ನ ಬೈಯೋದಾ?

ಮದ್ದೂರ್ ವಡೆ
ರಾತ್ರಿ 10:25

ಅಂದಹಾಗೆ ಯಾರಾದ್ರೂ ಗಮನಿಸಿದ್ರಾ? ಕ್ರಿಸ್ಟಲ್ ಪ್ಯಾಲೇಸ್ ಈಗ ತಾನೇ ಲಿವರ್‌ಪೂಲ್‌ನ 2-1 ಹೊಡೀತು. ಅವರ ಮ್ಯಾನೇಜರ್ ಗ್ಲಾಸ್ನರ್ ಆಡಿಸೋದೂ ನಮ್ಮ ಥರ ಹಿಂದೆ ಮೂವರ 3-4-2-1. ಮೇ ತಿಂಗಳಲ್ಲಿ ಇದೇ ಆಟದಲ್ಲಿ ಸಿಟಿನ ಸೋಲಿಸಿ ಎಫ್‌ಎ ಕಪ್ ಎತ್ತಿದ್ರು. ಹಂಗಾದ್ರೆ ತಪ್ಪು ಫಾರ್ಮೇಶನ್ದಲ್ಲ.

ಕುಕ್ಕರಹಳ್ಳಿ ಕೀಪರ್
ರಾತ್ರಿ 10:31

ಅದೇ ನಾನು ಹೇಳಿದ್ದು. ಪ್ಯಾಲೇಸ್ ನಡುವೆ ವಾರ್ಟನ್, ಕಾಮಾಡ ಥರ ಓಡಿ ಮುಚ್ಚೋರಿದಾರೆ. ಹಿಂದೆ ಕೆಳಗೆ ಕೂತ್ಕೊಂಡು ಎದುರಾಳಿ ಬರಲಿ ಅಂತ ಕಾಯ್ತಾರೆ, ಸಿಕ್ಕಿದ ಕ್ಷಣ ಓಡ್ತಾರೆ. ಪ್ಯಾಲೇಸ್‌ಗೆ ಹಾಗೆ ಆಡೋ ಸ್ವಾತಂತ್ರ್ಯ ಇದೆ. ನಮ್ಮ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಹಾಗೆ ಕೂತ್ರೆ ಹತ್ತೇ ನಿಮಿಷಕ್ಕೆ ಸ್ಟ್ಯಾಂಡಿಂದ ಕೂಗು ಶುರು. ಸಂಖ್ಯೆ ಒಂದೇ, ಆಟ ಬೇರೆ.

ನೀಲಿ ಬಾವುಟ
ರಾತ್ರಿ 10:47

ಇಡೀ ಸಂಜೆ ಓದ್ತಾ ಬಂದೆ. ನಾನು ಬೆಂಗಳೂರು ಎಫ್‌ಸಿ. ಹೊಟ್ಟೆಕಿಚ್ಚಿಂದ ಹೇಳ್ತಿದೀನಿ ಅಂತಲೇ ಅಂದ್ಕೊಳ್ಳಿ. ನಿಮಗೆ ಕಳಿಸೋಕೆ ಒಬ್ಬ ಮ್ಯಾನೇಜರ್ ಇದಾನೆ, ಸೋಲೋಕೆ ಒಂದು ಲೀಗ್ ಇದೆ. ಸೆಪ್ಟೆಂಬರ್ ಮುಗೀತಾ ಬಂತು, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಯಾವಾಗ ಅನ್ನೋದೇ ಗೊತ್ತಿಲ್ಲ. ಆಗಸ್ಟಲ್ಲಿ ಕ್ಲಬ್ಬು ಆಟಗಾರರಿಗೂ ಸಿಬ್ಬಂದಿಗೂ ಸಂಬಳ ನಿಲ್ಲಿಸ್ತಿದೀವಿ ಅಂತ ಪ್ರಕಟಣೆ ಕೊಡ್ತು.

ಮ್ಯಾನೇಜರ್ ಕಳಿಸೋ ವಿಷಯಕ್ಕೆ: 2018-19ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ಕ್ವಾಡ್ರಾಟ್‌ರನ್ನ 2021ರ ಜನವರಿಲಿ ಸತತ ಮೂರು ಸೋಲಿಗೆ ಕಳಿಸಿದ್ವಿ. ಆಮೇಲೆ ಪೆಝಾಯುವೊಲಿ, ಗ್ರೇಸನ್, ಝರಗೋಝಾ. ಗ್ರೇಸನ್ ಕಾಲದಲ್ಲಿ ಡುರಾಂಡ್ ಕಪ್ ಬಂತು, ಫೈನಲ್‌ಗೂ ಹೋದ್ವಿ, ಮುಂದಿನ ಡಿಸೆಂಬರಿಗೆ ಅವರೂ ಇಲ್ಲ. ಐಎಸ್‌ಎಲ್ ಕಪ್ ಮಾತ್ರ ಅದಾದ್ಮೇಲೆ ಮತ್ತೆ ಬರಲಿಲ್ಲ.

ಸಕ್ಕರೆ ನಾಡು 7
ರಾತ್ರಿ 10:55

ಅಣ್ಣ, ನಿಮ್ ನೋವಿನ ಮುಂದೆ ನಮ್ದು ಯಾವ ಲೆಕ್ಕ. ಓಗ್ಲಿ ಬುಡಿ, ಇವತ್ತು ಮಲಗಿ.

ಒಂಟಿಕೊಪ್ಪಲ್ ಒಂಬತ್ತು
ಭಾನುವಾರ, 28 ಸೆಪ್ಟೆಂಬರ್, ಬೆಳಗ್ಗೆ 9:20

ರಾತ್ರಿ ಮಲಗೋಕೆ ಮುಂಚೆ ಒಂದು ಯೋಚನೆ ಬಂತು. ಆಗಸ್ಟ್ ಕೊನೆಗೆ ನಮ್ಮ ಹಳೇ ಮ್ಯಾನೇಜರ್‌ಗಳು ಮೂವರು ಒಂದೇ ವಾರದೊಳಗೆ ಕೆಲಸ ಕಳ್ಕೊಂಡ್ರು. 28ಕ್ಕೆ ಬೆಶಿಕ್ತಾಶಲ್ಲಿ ಸೋಲ್ಶರ್, 29ಕ್ಕೆ ಫೆನರ್‌ಬಾಚೆಲಿ ಮೊರಿನ್ಯೊ, ಸೆಪ್ಟೆಂಬರ್ 1ಕ್ಕೆ ಲೆವರ್‌ಕುಸನ್‌ಲಿ ಟೆನ್ ಹಾಗ್. ಟೆನ್ ಹಾಗ್ ಅಲ್ಲಿ ಲೀಗಲ್ಲಿ ಆಡಿಸಿದ್ದು ಎರಡೇ ಮ್ಯಾಚು! ಹಾಗಾದ್ರೆ ಕೆಟ್ಟಿರೋದು ನಮ್ಮ ಕ್ಲಬ್ಬಾ, ಇಲ್ಲಾ ನಾವು ಆರಿಸಿಕೊಳ್ಳೋ ಜನಾನಾ?

ಇನ್ನು ದುಡ್ಡು. ಟೆನ್ ಹಾಗ್‌ಗೆ 2024ರ ಜುಲೈಲಿ ಕಾಂಟ್ರಾಕ್ಟ್ ಮುಂದುವರಿಸಿ ಅಕ್ಟೋಬರಲ್ಲಿ ತೆಗೆದ್ರು. ಅವರಿಗೂ ಅವರ ಜೊತೆಯವರಿಗೂ ಕೊಟ್ಟ ಪರಿಹಾರ 1 ಕೋಟಿ ಪೌಂಡ್ ಮೀರಿತ್ತು. ಅಮೊರಿಮ್‌ನ ಬಿಡಿಸಿಕೊಳ್ಳೋಕೆ ಸ್ಪೋರ್ಟಿಂಗ್‌ಗೆ ಕೊಟ್ಟಿದ್ದು ಬೇರೆ. ಅತ್ತ ಉಳಿತಾಯ ಅಂತ ನೂರಾರು ಜನ ನೌಕರರನ್ನ ಮನೆಗೆ ಕಳಿಸಿದ್ರು, ಮೈದಾನದ ಸಿಬ್ಬಂದಿಯ ಪುಕ್ಕಟೆ ಊಟ ನಿಲ್ಲಿಸಿದ್ರು. ಈಗ ಇನ್ನೊಂದು ಸಲ ಪರಿಹಾರ ಕೊಡಬೇಕು ಅಂದ್ರೆ ನಮ್ಮ ಸಹಮಾಲೀಕ ರ್ಯಾಟ್‌ಕ್ಲಿಫ್ ಸಾಹೇಬ್ರು ಕ್ಯಾಲ್ಕುಲೇಟರ್ ಮುಂದಿಟ್ಕೊಂಡೇ ಕೂತಿರ್ತಾರೆ. ನನಗನ್ನಿಸೋದು, ಅಮೊರಿಮ್ ಉಳಿದ್ರೆ ಅದು ನಂಬಿಕೆಯಿಂದ ಅಲ್ಲ, ಆ ಲೆಕ್ಕದಿಂದ.

ಹಳೇ ಚೆಂಡು
ಬೆಳಗ್ಗೆ 10:02

ಲೆಕ್ಕದಿಂದಾದ್ರೂ ಉಳೀಲಿ.

ಮದ್ದೂರ್ ವಡೆ
ಬುಧವಾರ, 1 ಅಕ್ಟೋಬರ್, ಮಧ್ಯಾಹ್ನ 12:40

ಆಯುಧ ಪೂಜೆ ಶುಭಾಶಯ ಎಲ್ಲರಿಗೂ. ಬೈಕಿನ ಜೊತೆ ನನ್ನ ಬೂಟಿಗೂ ಕುಂಕುಮ ಇಟ್ಟಾಯ್ತು. ಬ್ರೂನೋ ಬಲಗಾಲಿಗೂ ಯಾರಾದ್ರೂ ಒಂದು ನಿಂಬೆಹಣ್ಣು ನಿವಾಳಿಸಿ. ಫುಲ್‌ಹ್ಯಾಮಲ್ಲೊಂದು ಪೆನಾಲ್ಟಿ ಹೋಯ್ತು, ಬ್ರೆಂಟ್‌ಫರ್ಡಲ್ಲೊಂದು.

ಗೋಕುಲಂ ಗನ್ನರ್
ಮಧ್ಯಾಹ್ನ 12:44

ಬೂದುಗುಂಬಳಕಾಯಿ ಒಡೀರಿ, ನಿಂಬೆಹಣ್ಣು ಸಾಲಲ್ಲ.

ಕುಕ್ಕರಹಳ್ಳಿ ಕೀಪರ್
ಶನಿವಾರ, 4 ಅಕ್ಟೋಬರ್, ರಾತ್ರಿ 9:32

ಸಂಡರ್‌ಲ್ಯಾಂಡ್ ಮೇಲೆ 2-0! ಮೌಂಟ್ ಎಂಟನೇ ನಿಮಿಷಕ್ಕೆ, ಶೆಶ್ಕೋ 31ಕ್ಕೆ. ಎಲ್ಲಕ್ಕಿಂತ ಮೇಲೆ, ಲಾಮೆನ್ಸ್! ಮೊದಲ ಮ್ಯಾಚು, ಒಂದೂ ಗೋಲ್ ಬಿಡಲಿಲ್ಲ. ಎತ್ತರದ ಚೆಂಡಿಗೆ ಗೋಲಿಂದ ಆಚೆ ಬಂದು, ಎರಡೂ ಕೈಲಿ ಎದೆಗೆ ಅವಚಿಕೊಂಡು ನೆಲಕ್ಕೆ ಇಳಿಯೋದು ನೋಡಿ ಎಷ್ಟು ಕಾಲ ಆಗಿತ್ತು. ಡಿಫೆಂಡರ್‌ಗಳ ಭುಜ ಇಳಿದಿದ್ದು ಟಿವಿಲೇ ಕಾಣ್ತಿತ್ತು.

ಹಳೇ ಚೆಂಡು
ರಾತ್ರಿ 9:38

ಅಮೊರಿಮ್‌ಗೆ ಇದು 50ನೇ ಮ್ಯಾಚು. ಯಾರೋ ಔಟ್ ಔಟ್ ಅಂತಿದ್ರಲ್ಲ, ಎಲ್ಲಿದಾರೆ?

ಸಕ್ಕರೆ ನಾಡು 7
ರಾತ್ರಿ 9:41

ಇಲ್ಲೇ ಇವ್ನಿ ಸಾರ್. ಸಂಡರ್‌ಲ್ಯಾಂಡ್ ಓದ್ ವರ್ಷ ಎರಡನೇ ಡಿವಿಜನ್ನಲ್ಲಿತ್ತು. ಒಂದು ಗೆಲುವಿಗೆ ಪಟಾಕಿ ಒಡೆಯೋನು ನಾನಲ್ಲ. ಎರಡನೇದು ಗೆಲ್ಲಿಸ್ಲಿ, ಆಗ ಮಾತಾಡನ.

ಇಟ್ಟಿಗೆಗೂಡು ಅಕ್ಕ
ರಾತ್ರಿ 9:55

ಇವತ್ತು ಮುಂದಿನ ಮೂವರಲ್ಲಿ ಮೌಂಟ್ ಪದೇಪದೇ ನಡುವಿಗೆ ಇಳಿದು ಬಂದ. ಬ್ರೂನೋ, ಕ್ಯಾಸೆಮಿರೊ ಪಕ್ಕದಲ್ಲಿ ಮೂರನೆಯವನಾಗಿ ನಿಂತ. ಕೀಪರ್ ಹೇಳಿದ್ರಲ್ಲ, ಒಬ್ಬ ಒಳಗೆ ಬಂದು ಮುಚ್ಚಬೇಕು ಅಂತ, ಅದೇ. ಅದನ್ನ ಹೇಳಿ ಮಾಡಿಸಿದ್ರಾ, ಇಲ್ಲಾ ಮೌಂಟ್ ತಾನಾಗಿ ಮಾಡಿದ್ನಾ ಅನ್ನೋದು ಲಿವರ್‌ಪೂಲಿನ ಆನ್‌ಫೀಲ್ಡಲ್ಲಿ, ಮುಂದಿನ ಮ್ಯಾಚಲ್ಲಿ ತಿಳಿಯುತ್ತೆ. ಹೇಳಿ ಮಾಡಿಸಿದ್ದಾದ್ರೆ ನನ್ನ ಮಾತು ಸ್ವಲ್ಪ ತಗ್ಗಿಸ್ತೀನಿ. ಇಲ್ಲದಿದ್ರೆ ನನ್ನ ವೋಟು ಇನ್ನೂ 'ಹೋಗಬೇಕು'.

ಒಂಟಿಕೊಪ್ಪಲ್ ಒಂಬತ್ತು
ರಾತ್ರಿ 10:05

ಲಿವರ್‌ಪೂಲ್ ಮ್ಯಾಚು 19ನೇ ತಾರೀಕು, ಭಾನುವಾರ ರಾತ್ರಿ 9ಕ್ಕೆ. ಅಲ್ಲಿ ಲೀಗಲ್ಲಿ ಗೆದ್ದಿದ್ದು 2016ರ ಜನವರಿಲಿ, ರೂನಿ ಗೋಲು. ಅದಾದ್ಮೇಲೆ ಇಲ್ಲ. ಗೆದ್ರೆ ಸತತ ಎರಡು ಗೆದ್ದ ಹಾಗೂ ಆಗುತ್ತೆ.

ಮದ್ದೂರ್ ವಡೆ
ರಾತ್ರಿ 10:11

ಅವತ್ತು ನೀರು ತುಂಬೋ ಹಬ್ಬ ಅಲ್ವಾ? ಮಾರನೇ ದಿನ ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಏಳಬೇಕು. ಮನೇಲಿ ಟಿವಿ ಕೊಡೋದು ಡೌಟು.

ಸಕ್ಕರೆ ನಾಡು 7
ರಾತ್ರಿ 10:14

ಮಂಡ್ಯಕ್ಕೆ ಬಾ, ನಮ್ಮನೇಲಿ ಟಿವಿ ಐತೆ. ಗನ್ನರ್‌ನ ಮಾತ್ರ ಕರ್ಕೊಂಡು ಬರ್ಬೇಡ.

ಗೋಕುಲಂ ಗನ್ನರ್
ರಾತ್ರಿ 10:15

ಒಬ್ಬಟ್ಟು ಇದ್ರೆ ಬರ್ತೀನಿ. ಕೆಂಪು ಜರ್ಸಿ ನನ್ನದೂ ಇದೆ, ಯಾರಿಗೂ ಗೊತ್ತಾಗಲ್ಲ.